ಎಡಮೂಲೆಗೆ ಒಂದು ಕೊಡ ನೀರು

ಈ ಊರಿನಲ್ಲಿ ಎಲ್ಲರಿಗಿಂತ ಮೊದಲು ಏಳುವವನು ನಾನೇ ಎಂದು ಇಷ್ಟು ವರ್ಷ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಸೂರ್ಯನಿಗೆ ಎರಡನೆಯ ಸ್ಥಾನ ಕೊಟ್ಟಿದ್ದೆ. ಭಾನುವಾರದ ಪೇಪರಿಗೆ ಬರೆಯಲೆಂದು ಬಂದು ಕಾಲೇಜಿನ ಟೆನಿಸ್ ಅಂಕಣದ ಬೇಲಿಗೆ ಆತುಕೊಂಡು ನಿಂತ ಈ ಬೆಳಗಿನಲ್ಲಿ ನಾವಿಬ್ಬರೂ ಒಂದೊಂದು ಮೆಟ್ಟಿಲು ಕೆಳಗಿಳಿಯಬೇಕಾಗಿ ಬಂದಿದೆ. ಬೆಳಕು ಇನ್ನೂ ಹರಿದಿಲ್ಲ, ಒಬ್ಬರು ಆಗಲೇ ಅರ್ಧ ಅಂಕಣ ಗುಡಿಸಿ ಮುಗಿಸಿದ್ದಾರೆ. ಆನೆ ಕಟ್ಟಿ ಎಳೆದರೂ ‘ನಾಳೆ ನೋಡೋಣ’ ಎನ್ನುವಂಥ ಕಲ್ಲಿನ ರೋಲರ್ ಅವರ ಹಿಂದೆ ಸಾಕಿದ ಕರುವಿನ ಹಾಗೆ ಉರುಳಿಕೊಂಡು ಬರುತ್ತಿದೆ.

ಇವರು ರೋಲರಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಹೇಳಿ ಕರೆದರೆ ಅವರೇ ಹಿಂದೆ ತಿರುಗಿ ಯಾರು ಬಂದರೆಂದು ನೋಡುತ್ತಾರೆ. ತಲೆ ನರೆತು ಬಹಳ ಕಾಲವಾಗಿದೆ. ಎಡಗಾಲಿನ ಒಂದು ಬೆರಳನ್ನು ರೋಲರ್ ಎಂದೋ ತನ್ನ ಪಾಲಿಗೆ ಬರೆಸಿಕೊಂಡಿದೆ. ಬಲಭುಜ ಎಡಭುಜಕ್ಕಿಂತ ಒಂದು ಗೇಣು ಕೆಳಗಿದೆ. ಅಳತೆಪಟ್ಟಿ ಹಿಡಿದವರು ಒಂದು ಬೆರಳು ಎನ್ನಬಹುದು, ನಾನು ಕಣ್ಣಾರೆ ಕಂಡವನು.

ಇಂದು ಕಾಲೇಜು ಟೆನಿಸ್ ಪಂದ್ಯಾವಳಿಯ ಫೈನಲ್. ರೋಲರಣ್ಣ ಪೊರಕೆಯನ್ನು ಬೇಲಿಗೆ ಒರಗಿಸಿ, ಗೇಟು ದಾಟಿ, ಓಣಿಯ ಎದುರಿನ ಹಸಿರು ಬಾಗಿಲ ಮನೆಯ ಮುಂದೆ ನಿಲ್ಲುತ್ತಾರೆ. ಒಬ್ಬ ಹುಡುಗಿ ತುಂಬಿದ ಕೊಡವನ್ನು ಮೆಟ್ಟಿಲ ಮೇಲಿಡುತ್ತಾಳೆ. ಅವರು ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಬಂದು ಅಂಕಣದ ಹಿಂದಿನ ಎಡಮೂಲೆಗೆ ಸುರಿಯುತ್ತಾರೆ, ಕೊನೆಯ ಹನಿಯವರೆಗೂ. ಆ ಜಾಗ ಅದಕ್ಕೆ ಮೊದಲೇ ಒದ್ದೆಯಿದ್ದಂತೆ ನನಗೆ ಕಂಡಿತು. ಆದರೆ ಅವರ ಮುಖ ನೋಡಿದ ಮೇಲೆ ನನ್ನಂಥ ವಾಚಾಳಿಯೂ ಬಾಯಿ ಬಿಡಲಿಲ್ಲ.

ಹಸಿರು ಬಾಗಿಲ ಪಕ್ಕದಲ್ಲಿ ಒಂದು ಕಿಟಕಿ. ಕಿಟಕಿಯೊಳಗೆ ಮಂಚ. ಮಂಚದ ಮೇಲೆ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ. ತಲೆ ನರೆತ ರೋಲರಣ್ಣನಿಗೂ ಅಜ್ಜಿಯೇ, ಇಡೀ ಓಣಿಗೂ ಅಜ್ಜಿಯೇ. ಪಂದ್ಯಾವಳಿಯ ಮೊದಲ ದಿನ, ಕತ್ತಲಿರುವಾಗಲೇ, ಇದೇ ಕೊಡ ಹೊತ್ತು ಇದೇ ಮೆಟ್ಟಿಲು ಇಳಿಯುವಾಗ ಜಾರಿ ಬಿದ್ದರು. ಈ ವಾರವಿಡೀ ರೋಲರಣ್ಣ ಅವರನ್ನು ನೋಡಲು ಹೋಗಿ, ಅವರಿಗೆ ಹೇಳಲೇಬೇಕಾದ ಒಂದು ಮಾತನ್ನು ಗಂಟಲವರೆಗೂ ತಂದು, ಒಂದು ಲೋಟ ನೀರು ಕುಡಿದು ಅದನ್ನು ಮತ್ತೆ ಒಳಗಿಳಿಸಿಕೊಂಡು ಬಂದಿದ್ದಾರೆ.

ಈ ಪಂದ್ಯಾವಳಿಯ ವಯಸ್ಸು ಕೇಳಿದರೆ ಕಾಲೇಜಿನವರು ಒಂದು ಹೇಳುತ್ತಾರೆ, ಓಣಿಯವರು ಇನ್ನೊಂದು. ನನ್ನ ಲೆಕ್ಕದಲ್ಲಿ ಚೆಂಡು ದುಂಡಗಾಗುವುದಕ್ಕೆ ಮೊದಲೇ ಇದು ಶುರುವಾಗಿದೆ. ಮೊದಲ ವರ್ಷ, ಆಟದ ಹಿಂದಿನ ದಿನ, ಕಾಲೇಜಿನ ನೀರಿನ ತೊಟ್ಟಿ ಬಿರುಕು ಬಿಟ್ಟು ಬರಿದಾಯಿತು. ಮಣ್ಣಿನ ಅಂಕಣಕ್ಕೆ ಬೆಳಗಿನ ನೀರು ಬೀಳದಿದ್ದರೆ ಮಧ್ಯಾಹ್ನದ ಹೊತ್ತಿಗೆ ಬರೀ ಧೂಳು. ಚೆಂಡೂ ಕಾಣದು, ಎದುರಾಳಿಯೂ ಕಾಣನು. ಆಗಷ್ಟೇ ಕೆಲಸಕ್ಕೆ ಸೇರಿದ್ದ ರೋಲರಣ್ಣ ಬೇಲಿಯಾಚೆ ನಿಂತು, ‘ಕೋರ್ಟಿಗೆ ನೀರೂ...’ ಎಂದು ಕೂಗಿದರು. ಆ ಕೂಗಿಗೆ ಮೂರು ಊರಾಚೆ ನಾಯಿಗಳು ಎದ್ದು ಕೂತವಂತೆ.

“ಯಾರೂ ಬರಲ್ಲ ಅಂದ್ಕೊಂಡಿದ್ದೆ ಸಾರ್. ಬೆಳಗಿನ ಜಾವ ಯಾರಿಗೆ ಬೇಕು ಈ ಉಸಾಬರಿ? ಮೊದಲು ತೆರೆದಿದ್ದು ಹಸಿರು ಬಾಗಿಲು. ‘ಏನೋ ಅದು, ಬೆಂಕಿ ಬಿತ್ತಾ?’ ಅಂತ ಅಜ್ಜಿ ಕೊಡ ಹಿಡ್ಕೊಂಡೇ ಬಂದ್ರು. ಆಗ ಇನ್ನೂ ಅಜ್ಜಿ ಆಗಿರ್ಲಿಲ್ಲ ಬಿಡಿ. ‘ಬೆಂಕಿ ಅಲ್ಲಮ್ಮ, ಟೆನಿಸ್ಸು’ ಅಂದೆ. ‘ಎರಡೂ ಒಂದೇ, ತಗೋ’ ಅಂದ್ರು.”

ತೊಟ್ಟಿ ಮರುವರ್ಷ ರಿಪೇರಿಯಾಯಿತು. ಕೊಡಗಳು ಮಾತ್ರ ನಿಲ್ಲಲಿಲ್ಲ. ಪಂದ್ಯಾವಳಿಯ ದಿನಗಳಲ್ಲಿ ಓಣಿಯ ಪ್ರತಿ ಮನೆಯಿಂದ ಬೆಳಿಗ್ಗೆ ಒಂದೊಂದು ಕೊಡ. ಫೈನಲ್ ಮುಗಿದ ಸಂಜೆ, ಗೆದ್ದವನೂ ಸೋತವನೂ ಆ ಖಾಲಿ ಕೊಡಗಳನ್ನು ಹೊತ್ತು ಮನೆಮನೆಗೆ ಮುಟ್ಟಿಸಬೇಕು. ಪ್ರಪಂಚದಲ್ಲಿ ಇಂಥ ಪದ್ಧತಿ ಇನ್ನೆಲ್ಲೂ ಇಲ್ಲ. ನಾನು ಪ್ರಪಂಚ ನೋಡಿಲ್ಲ, ಆದರೂ ಹೇಳುತ್ತೇನೆ. ದೊಡ್ಡ ಊರುಗಳಲ್ಲಿ ಆಡಲು ಹೋದ ಹುಡುಗರೂ ಈ ಓಣಿಯಲ್ಲಿ ಬಗಲಿಗೊಂದು ಕೊಡ ಇಟ್ಟುಕೊಂಡು, ‘ಅಮ್ಮಾ, ನಿಮ್ಮದು ಸ್ಟೀಲಾ, ಪ್ಲಾಸ್ಟಿಕ್ಕಾ?’ ಎಂದು ಕೇಳಿದವರೇ.

ಹಸಿರು ಬಾಗಿಲಿಗೆ ಕೊಡ ಮುಟ್ಟಿಸುವುದು ಯಾವಾಗಲೂ ಸೋತವನ ಪಾಲು. ಅಜ್ಜಿಯೇ ಕೇಳಿ ಪಡೆದದ್ದು. “ಗೆದ್ದೋನಿಗೆ ಊರೆಲ್ಲಾ ನೆಂಟರು. ಸೋತೋನನ್ನ ನನ್ನ ಹತ್ರ ಕಳ್ಸು” ಎಂದಿದ್ದರಂತೆ. ಅಷ್ಟೇ ಅಲ್ಲ, ತಮ್ಮ ನೀರು ಎಲ್ಲಿಗೆ ಬೀಳಬೇಕೆಂಬುದನ್ನೂ ಅವರೇ ಗೊತ್ತು ಮಾಡಿದ್ದರು. ಅವರ ಕಿಟಕಿಗೆ ನೇರ ಕಾಣುವ ಹಿಂದಿನ ಎಡಮೂಲೆ. ಅಲ್ಲಿ ಯಾರಾದರೂ ಒಳ್ಳೆಯ ಹೊಡೆತ ಹೊಡೆದರೆ ಕಿಟಕಿಯಿಂದ ಅವರ ದನಿ ಕೇಳುತ್ತದೆ: “ನೋಡಿದ್ಯಾ, ನನ್ನ ನೀರು!”

ರೋಲರಣ್ಣನ ಹೆಂಡತಿಗೆ ಈ ನೀರಿನ ಸಂಭ್ರಮ ಅಷ್ಟಕ್ಕಷ್ಟೇ. “ಮನೇಲಿ ಒಂದು ಲೋಟ ಬಗ್ಗಿಸ್ಕೊಳ್ಳೋಕೂ ನನ್ನೇ ಕೂಗ್ತಾರೆ. ಆ ಮಣ್ಣಿಗೆ ಮಾತ್ರ ಹೊಳೇನೇ ಹೊತ್ತು ಹಾಕ್ತಾರೆ. ನಾನೂ ಒಂದಿಷ್ಟು ಮಣ್ಣು ಮೆತ್ಕೊಂಡು ಕೂತ್ಕೊಂಡಿದ್ರೆ ಚೆನ್ನಾಗಿರ್ತಿತ್ತೇನೋ!” ಎನ್ನುತ್ತಾರೆ. ಈ ವಾರ ಅವರೂ ಹಂಗಿಸುವುದನ್ನು ಬಿಟ್ಟಿದ್ದಾರೆ. ಗಂಡ ಸರಿಯಾಗಿ ಉಣ್ಣುತ್ತಿಲ್ಲ.

ಫೈನಲ್ ಶುರುವಾಗುತ್ತದೆ. ಬೇಲಿಯ ಸುತ್ತ ಇಡೀ ಓಣಿ, ಓಣಿಯ ಬೆಕ್ಕುಗಳು, ಬೆಕ್ಕುಗಳ ಶತ್ರುಗಳು. ಒಂದು ಕಡೆ ಕುಳ್ಳಗಿನ ಚುರುಕು ಹುಡುಗ; ಇನ್ನೊಂದು ಕಡೆ ಎಷ್ಟು ಉದ್ದದವನೆಂದರೆ ಬಗ್ಗದೆಯೇ ಬಾಗಿಲು ದಾಟಿದ ನೆನಪೇ ಅವನಿಗಿರಲಾರದು. ಮೂರನೆಯ ಚೆಂಡು ಎಡಮೂಲೆಗೆ ಬೀಳುತ್ತದೆ. ಉದ್ದನೆಯವನು ರಾಕೆಟ್ ಎತ್ತಿ ಕಾಯುತ್ತಾನೆ. ಚೆಂಡು ಏಳುವುದೇ ಇಲ್ಲ, ಹಿಟ್ಟಿನ ಮುದ್ದೆಯ ಹಾಗೆ ಅಲ್ಲೇ ಕೂತುಬಿಡುತ್ತದೆ. ಅಂಕಣದ ಮೇಲ್ವಿಚಾರಣೆಯ ದೈಹಿಕ ಶಿಕ್ಷಣದ ಮೇಷ್ಟ್ರು ರೋಲರಣ್ಣನತ್ತ ತಿರುಗುತ್ತಾರೆ. ಈ ಅಂಕಣದಲ್ಲಿ ಕೆಸರೇ? ರೋಲರಣ್ಣನ ಕೈಯಲ್ಲಿ?

ಇಬ್ಬರೂ ಆಗಾಗ ಬದಿ ಬದಲಿಸುತ್ತಾರೆ, ಹಾಗಾಗಿ ಕೆಸರು ಯಾರ ಪಕ್ಷವೂ ಅಲ್ಲ. ಆದರೆ ಅದೃಷ್ಟ ಪಕ್ಷ ಹಿಡಿಯುತ್ತದೆ. ಮುಖ್ಯವಾದ ಚೆಂಡುಗಳೆಲ್ಲ ಉದ್ದನೆಯವನು ಆ ಬದಿಗಿದ್ದಾಗಲೇ ಆ ಮೂಲೆಗೆ ಬಂದವು. ಬಿಸಿಲೇರಿ ಮಣ್ಣು ಒಣಗುವಷ್ಟರಲ್ಲಿ ಮೊದಲ ಸೆಟ್ ಕೈಬಿಟ್ಟಿತ್ತು. ಅದರ ಹಿಂದೆಯೇ ಅವನ ಧೈರ್ಯವೂ.

ಸಂಜೆ ಅವನು ಹಸಿರು ಬಾಗಿಲಿಗೆ ಕೊಡ ತಂದ, ಬಗ್ಗಿಯೇ ಒಳಗೆ ಬಂದ. ರೋಲರಣ್ಣ ಹೊಸ್ತಿಲ ಬಳಿ ನಿಂತರು. ನಾನು ಅವರ ಹಿಂದೆ.

“ಬಾಪ್ಪಾ, ಕೂತ್ಕೋ. ನನ್ನ ಮೂಲೇಲಿ ಆಟ ಹೇಗಾಯ್ತು?” ಅಜ್ಜಿ ಕೇಳಿದರು.

“ಅಲ್ಲೇ ಸೋತೆ ಅಜ್ಜಿ” ಎಂದು ಹುಡುಗ ನಕ್ಕ. “ಚೆಂಡು ಏಳ್ಲೇ ಇಲ್ಲ. ತುಂಬಾ ಒದ್ದೆ ಇತ್ತು.”

ಅಜ್ಜಿ ನಗಲಿಲ್ಲ. ಹೊಸ್ತಿಲ ಕಡೆ ನೋಡಿದರು. “ಏನೋ ಇದು? ಯಾಕೆ ಒದ್ದೆ ಆಯ್ತು?”

“ನೀರು ಸ್ವಲ್ಪ ಜಾಸ್ತಿ ಆಯ್ತು ಅಜ್ಜಿ.”

“ಜಾಸ್ತಿ ಹೇಗೋ ಆಗುತ್ತೆ? ನನ್ನ ಕೊಡ ಅದೇ ಕೊಡ ಅಲ್ವೇನೋ?”

ರೋಲರಣ್ಣ ಬಾಯಿ ತೆರೆದರು. ಬೆಳಿಗ್ಗೆ ಕೊಡ ತಂದಿಟ್ಟಿದ್ದ ಮೊಮ್ಮಗಳು ನೀರಿನ ಲೋಟ ಹಿಡಿದು ಬಂದಳು. ಅದನ್ನು ಕುಡಿದು ಹೊರಗೆ ಬಂದುಬಿಟ್ಟರು.

ಅವರು ಬೇಲಿಯ ಬಳಿ ರೋಲರ್ ಮೇಲೆ ಕೂತರು. ಆಮೇಲೆ ಹೇಳಿದರು: “ನೀವು ಬರೀರಿ ಸಾರ್. ನನ್ನ ಬಾಯಲ್ಲಿ ಬರ್ತಾ ಇಲ್ಲ. ಭಾನುವಾರ ಪೇಪರನ್ನ ಮೊಮ್ಮಗಳು ಅಜ್ಜಿಗೆ ಜೋರಾಗಿ ಓದಿ ಹೇಳ್ತಾಳೆ. ನೀವು ಇಲೀನ ಹುಲಿ ಮಾಡೋರು ಅಂತ ಗೊತ್ತು. ಉಳಿದಿದ್ದನ್ನ ಎಷ್ಟು ಬೇಕಾದ್ರೂ ಉಬ್ಬಿಸಿ, ನಂದೇನೂ ತಕರಾರಿಲ್ಲ. ಇದೊಂದನ್ನ ಮಾತ್ರ ಇದ್ದ ಹಾಗೆ ಬರೀರಿ.”

ಹಸಿರು ಬಾಗಿಲ ಮನೆಯ ಮೊಮ್ಮಗಳೇ, ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದು ತಾಯಿ.

ನಾಲ್ಕು ವರ್ಷದ ಹಿಂದೆ ಅಂಕಣಕ್ಕೆ ನೀರು ಚಿಮ್ಮಿಸುವ ಪೈಪು ಬಂತು. ನಲ್ಲಿ ತಿರುಗಿಸಿದರೆ ಸಾಕು, ಇಡೀ ಅಂಕಣ ತಾನೇ ನೆನೆಯುತ್ತದೆ. ‘ಇನ್ನು ಓಣಿಯವರಿಗೆ ತೊಂದರೆ ಬೇಡ, ಹೇಳಿಬಿಡಪ್ಪ’ ಎಂದು ಮೇಷ್ಟ್ರು ರೋಲರಣ್ಣನಿಗೆ ಹೇಳಿದರು. ಅದನ್ನೇ ಹೇಳಲು ಅವರು ಓಣಿಗೆ ಹೋದರು. ಅವರು ಕೂಗುವ ಮೊದಲೇ ಅಜ್ಜಿ ತುಂಬಿದ ಕೊಡ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ‘ತಡ ಮಾಡ್ದೆ ಕಣೋ’ ಎಂದರು. ರೋಲರಣ್ಣ ಕೊಡ ಇಸಿದುಕೊಂಡರು. ಆಮೇಲೆ ಉಳಿದ ಮನೆಗಳವೂ ಬಂದವು. ಆ ನೀರನ್ನೆಲ್ಲ ಕತ್ತಲಿರುವಾಗಲೇ ಉಗ್ರಾಣದ ಹಿಂದಿನ ಮರದ ಬುಡಕ್ಕೆ ಸುರಿದರು. ಮರುವರ್ಷವೂ ಹಾಗೆಯೇ ಮಾಡಿದರು, ಆಮೇಲೆ ಪ್ರತಿವರ್ಷವೂ. ಆ ಮರ ಎಷ್ಟು ಬೆಳೆದಿದೆ ಎಂದು ನಾನು ಹೇಳಹೋಗುವುದಿಲ್ಲ. ಒಂದು ಮರದಷ್ಟು ಇದೆ.

ಈ ಸಲ ಅಜ್ಜಿ ಬಿದ್ದದ್ದು ಬೇಕಿಲ್ಲದ ನೀರು ಹೊತ್ತು. ಅವರು ಬಿದ್ದಾಗ ಅಂಕಣದಲ್ಲಿ ಪೈಪು ನೀರು ಚಿಮ್ಮಿಸುತ್ತಿತ್ತು.

ಫೈನಲ್ಲಿನ ಬೆಳಿಗ್ಗೆ ರೋಲರಣ್ಣನಿಗೆ ತಡೆಯಲಾಗಲಿಲ್ಲ. ಈ ಒಂದು ಕೊಡವಾದರೂ ಸುಳ್ಳಾಗಬಾರದೆಂದು, ಪೈಪು ನೆನೆಸಿದ ಮೂಲೆಗೇ ಮತ್ತೆ ಸುರಿದರು. ಅದೇ ಕೆಸರಾಯಿತು. ಬದುಕಿನುದ್ದಕ್ಕೂ ಮಣ್ಣಿನ ಹದ ಕಾಯ್ದವರು ಅಂದು ಹದವನ್ನು ನೋಡಲಿಲ್ಲ, ಕಿಟಕಿಯನ್ನು ನೋಡಿದರು. ಉದ್ದನೆಯ ಹುಡುಗ ಗೆಲ್ಲಬೇಕಿದ್ದ ಕಪ್ ಅಲ್ಲಿ ಹೋಯಿತು. ಅವನಿಗೆ ರೋಲರಣ್ಣ ಅಂದೇ ಹೇಳಿ ಕೈ ಹಿಡಿದುಕೊಂಡಿದ್ದಾರೆ. “ಬಿಡಿ ಅಣ್ಣ, ಆ ಮನೇಲಿ ಕೂತು ಬಂದ್ನಲ್ಲ” ಎಂದು ಹುಡುಗ ಬಸ್ಸು ಹತ್ತಿದ.

“ಪೈಪು ಬಂದ ವರ್ಷಾನೇ ಹೇಳಿದ್ರೆ ಅಜ್ಜಿಗೆ ಒಂದು ದಿನ ಬೇಜಾರಾಗ್ತಿತ್ತು” ಎಂದರು ರೋಲರಣ್ಣ. “ಆ ಒಂದು ದಿನ ಉಳಿಸೋಕೆ ಹೋಗಿ ಅವರ ಸೊಂಟಾನೇ ಮುರಿದೆ. ಕೊಡ ಬೇಡ ಅಂದ್ರೆ ಬಾಗಿಲು ತೆಗೆಯೋದೂ ಬಿಡ್ತಾರೇನೋ ಅಂತ ಭಯ ಆಯ್ತು ಸಾರ್. ಅಜ್ಜಿಗಲ್ಲ, ನನಗೆ.”

ಇನ್ನೇನು ಬರೆಯಲಿ ಎಂದು ಕೇಳಿದೆ. ಇವರಿಗೊಂದು ಸನ್ಮಾನವಾಗಲಿ, ಭುಜಕ್ಕೆ ಚಿಕಿತ್ಸೆ ಸಿಗಲಿ, ಕೆಲಸ ಕಾಯಂ ಆಗಲಿ ಎಂದು ಬರೆಯಲು ಪೆನ್ನು ಹಿಡಿದು ಸಿದ್ಧವಾಗಿದ್ದೆ. ಅವರು ಎದ್ದು ರೋಲರಿನ ಹಿಡಿ ಹಿಡಿದರು.

“ಭಾನುವಾರ ಬೆಳಿಗ್ಗೆ ಆ ಕಿಟಕಿ ಎದುರಿಗೇ ಗುಡಿಸ್ತಾ ಇರ್ತೀನಿ. ಓದಿ ಆದ್ಮೇಲೆ ಕಿಟಕಿ ತೆಗೆದಿಡಮ್ಮ ಅಂತ ಬರೀರಿ. ಅಜ್ಜಿ ಬೈದ್ರೆ ನನಗೆ ಕೇಳ್ಬೇಕು.”