ಒಂದು ತಂಬಿಗೆ ನೀರು

ಖರಾಡಿಯ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದ ಪ್ಲಂಬರ್ ಕಾಕಾ ಕೆಲಸ ಮುಗಿಸಿದ ಮೇಲೆ ಒಂದು ತಂಬಿಗೆ ನೀರು ಕೇಳುತ್ತಿದ್ದರು. ನೀರು ಸೋರಿದರೆ ತಾನೇ ಮುಚ್ಚಿಕೊಳ್ಳುವ ಆಟೊಮ್ಯಾಟಿಕ್ ವಾಲ್ವ್ ಹಾಕಿದ ದಿನ, ಪಾಪ ದಣಿದಿದ್ದಾರೆಂದು ನನ್ನ ಹೆಂಡತಿ ಫ್ರಿಜ್ಜಿನ ತಣ್ಣೀರು ಕೊಟ್ಟಳು. ಅವರು ಅದನ್ನು ಸೀದಾ ಅಡುಗೆಮನೆಯ ಸಿಂಕಿನ ಕೆಳಗೆ ಸುರಿದರು! ಅಲ್ಲಿಟ್ಟಿದ್ದ ಸೆನ್ಸರಿಗೆ ನೀರು ತಾಗಿ, ಮೇನ್ ಪೈಪಿನ ವಾಲ್ವ್ ಟಕ್ ಎಂದು ಮುಚ್ಚಿತು.

"ಸುರದ ನೋಡ್ರಿ, ಆಮ್ಯಾಲ ನಂಬ್ರಿ" ಎಂದು ಮೀಸೆಯಲ್ಲೇ ನಕ್ಕರು.

ಮುಂದೊಮ್ಮೆ ನಲ್ಲಿ ರಿಪೇರಿಗೆ ಬಂದಾಗಲೂ ತಂಬಿಗೆ ಕೇಳಿ ಸುರಿದರು. ಸದ್ದೇ ಇಲ್ಲ. ಬಗ್ಗಿ ನೋಡಿದರೆ ಸೆನ್ಸರೇ ಇಲ್ಲ.

"ನೆಲದ ಫರಸಿ ಒರಸೂವಾಗ ದಿನಾ ನೀರು ಬಂದ್ ಆಗ್ತಿತ್ರಿ ಕಾಕಾ, ಅದಕ್ಕ..." ಎಂದು ಹೆಂಡತಿ ದೇವರ ಮಾಡದತ್ತ ಕೈ ತೋರಿಸಿದಳು. ಹೊಸ ಸಾಮಾನು ಬಂದರೆ ನಮ್ಮಲ್ಲಿ ಪೂಜೆ ಆಗಲೇಬೇಕು. ಖಂಡೋಬಾನ ಫೋಟೋ ಪಕ್ಕ ಸೆನ್ಸರ್ ಭಂಡಾರದ ಅರಿಶಿನ ಹಚ್ಚಿಕೊಂಡು ಹಾಯಾಗಿ ಕೂತಿತ್ತು.

"ವೈನಿ, ಅಲ್ಲಿತನಾ ನೀರು ಏರೂದ್ರಾಗ ಕೆಳಗಿನ ಮನಿಯವರು ಈಸಾಕ ಹತ್ತಿರ್ತಾರ್ರಿ" ಎಂದ ಕಾಕಾ ಅದನ್ನು ಒರೆಸಿ ಕೆಳಗಿಟ್ಟು, ಮತ್ತೊಂದು ತಂಬಿಗೆ ಕೇಳಿದರು. ಟಕ್ ಎನ್ನುವವರೆಗೆ ಚಹಾ ಮುಟ್ಟಲಿಲ್ಲ.

ಮುಂದಿನ ಭಾನುವಾರ ಖಂಡೋಬಾನ ದರ್ಶನಕ್ಕೆ ಜೇಜುರಿಗೆ ಹೋಗಿ ಬಂದು ಬಾಗಿಲು ತೆಗೆದರೆ, ಸಿಂಕಿನ ಪೈಪು ಒಡೆದಿತ್ತು. ನೆಲದ ಮೇಲಿದ್ದದ್ದು ಮಾತ್ರ ಒಂದು ತಂಬಿಗೆಯಷ್ಟೇ ನೀರು.

ಹೆಂಡತಿ ಕಾಕಾರಿಗೆ ಫೋನ್ ಮಾಡಿದಳು. ಆಮೇಲೆ ಕೊಡದಿಂದ ತಂಬಿಗೆ ತುಂಬಿ, ಸಿಂಕಿನ ಹತ್ತಿರ ತಾನೇ ತಂದಿಟ್ಟಳು.