ಬಾಯಿಂದ ಹೊರಡದ ‘ಫೆರ್’

ಬೈರಿದೇವರಕೊಪ್ಪದ ಮಹಡಿಯ ಕೋಣೆಯೊಂದರಲ್ಲಿ, ಜರ್ಮನಿಗೆ ಹೊರಟ ನರ್ಸುಗಳಿಗೆ ನಾನು ಜರ್ಮನ್ ಕಲಿಸುತ್ತೇನೆ. ಕಲಿಸಿ ಕಲಿಸಿ ಗಂಟಲೂ ಸೋತಿದೆ, ಮನಸ್ಸೂ ಸೋತಿದೆ. ಆ ಭಾಷೆಯಲ್ಲಿ ನನಗಿನ್ನೂ ಪ್ರೀತಿ ಉಳಿದಿರುವುದು ಕ್ರಿಯಾಪದಗಳ ಮುಂದೆ ಅಂಟಿಕೊಳ್ಳುವ ಪುಟ್ಟ ಉಪಸರ್ಗಗಳ ಮೇಲೆ ಮಾತ್ರ. ಅವುಗಳಲ್ಲಿ ‘ಫೆರ್’ ಒಂದು. ಮುಂದೆ, ದೂರ, ಆರಪಾರ ಎಂಬ ಅರ್ಥವಿದ್ದ ಮೂರು ಹಳೆಯ ತುಂಡುಗಳು ಬಾಯಿಂದ ಬಾಯಿಗೆ ಸವೆದು ಒಂದೇ ಆಗಿವೆ. ಇಂಗ್ಲಿಷಿನ ‘ಫರ್ಗೆಟ್’ನಲ್ಲಿರುವ ‘ಫರ್’ ಅದರ ಖಾಸಾ ಬಳಗ. ಇದನ್ನು ಹೇಳುವಾಗ ನನ್ನ ಕಣ್ಣು ಅರಳುತ್ತದೆ, ಎದುರಿನವರ ಕಣ್ಣು ಮುಚ್ಚುತ್ತದೆ.

“ಅಕ್ಕೋರ, ಇದು ಪರೀಕ್ಷಾದಾಗ ಬರತೈತೇನ್ರಿ?”

“ಇಲ್ಲವಾ.”

“ಹಂಗಾರ ಬಿಡ್ರಿ.”

ಬಿಡುತ್ತೇನೆ. ಜಗಳಾಡಲು ಈಗ ಯಾರಿಗೆ ತ್ರಾಣವಿದೆ?

ಹೆಬ್ಬಳ್ಳಿಯಿಂದ ಬರುತ್ತಿದ್ದ ನರ್ಸೊಬ್ಬಳು ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಮತ್ತೆ ಫೇಲಾದರೆ ಅಲ್ಲಿನ ಕೆಲಸ ಕೈತಪ್ಪುತ್ತಿತ್ತು. ಉಳಿದದ್ದೆಲ್ಲ ನೀರು ಕುಡಿದಷ್ಟು ಸಲೀಸು. ರೋಗಿ ತೀರಿಕೊಂಡದ್ದನ್ನು ಬಂಧುಗಳಿಗೆ ತಿಳಿಸುವ ಪ್ರಶ್ನೆ ಬಂದರೆ ಮಾತ್ರ ಮುಗಿಯಿತು. ಅದಕ್ಕೆ ‘ಫೆರ್‌ಷ್ಟೋರ್ಬೆನ್’ ಎಂಬ ಮರ್ಯಾದೆಯ ಶಬ್ದವಿದೆ. ಇವಳೋ, “ಶಿವನ ಪಾದ ಸೇರಿದ್ದಾರೆ” ಎಂಬುದನ್ನೇ ಜರ್ಮನ್ ಭಾಷೆಗೆ ತಿರುಗಿಸಿ ಹೇಳಿಬಂದಿದ್ದಳು. ಅದು ಯಾವ ಆಸ್ಪತ್ರೆ ಎಂದು ಪರೀಕ್ಷಕರು ಕೇಳಿದರಂತೆ!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಿಮ್ಮ ಮನ್ಯಾಗ ‘ಹೋದ್ರು’ ಅಂತೀರಲ್ಲ, ಆ ಹೋಗೋದು ಈ ಫೆರ್‌ನಾಗ ಐತಿ. ದೂರ ಹೋದ್ರು ಅಂದಂಗ,” ಎಂದು ಬಿಡಿಸಿ ಹೇಳಿದೆ. ನನ್ನ ವಿದ್ಯೆಗೆ ಒಂದು ಉಪಯೋಗ ಸಿಕ್ಕಿತಲ್ಲ ಎಂಬ ಖುಷಿ ನನಗೆ.

“ಖರೇ ಅದರಿ. ಆದ್ರ ಮನ್ಯಾಗ ಅವ್ವ ಹಾಸಿಗಿ ಹಿಡಿದಾಳ. ಅಂಥಾ ಮಾತು ಬಾಯಾಗ ಬರಬಾರದ್ರಿ.”

“ಜರ್ಮನ್ ಯಮಗ ತಿಳೀತೈತೇನ?” ಎಂದು ಸಿಡುಕಿದೆ. ಅವಳು ಪುಸ್ತಕ ಮುಚ್ಚಿದಳು. ನನಗೇ ಸಂಕಟವಾಯಿತು.

ಆಮೇಲೆ ಅವಳು ಪಾಸಾದಳು. ಆದರೆ ನನಗೆ ನೆನಪಿರುವುದು ಪರೀಕ್ಷೆಗೆ ಮುಂಚಿನ ಭಾನುವಾರ. ಅವ್ವನನ್ನು ಬಿಟ್ಟು ಬರಲಾಗದೆಂದಳು. ನಾನೇ ಗೊಣಗುತ್ತ ಬಸ್ಸು ಹತ್ತಿ ಹೆಬ್ಬಳ್ಳಿಗೆ ಹೋದೆ. ಪಡಸಾಲೆಯಲ್ಲಿ ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾವು ಪಿಸುದನಿಯಲ್ಲಿ ಪಾಠ ನಡೆಸಿದೆವು. ಆ ಪ್ರಶ್ನೆ ಬಂತು, ಹುಡುಗಿಯ ಮಾತು ಆ ಶಬ್ದದ ಹತ್ತಿರ ನಿಂತುಬಿಟ್ಟಿತು. “ಅವ್ವ ಅದಾಳಂತ ಸತ್ತರು ಅನ್ನೋ ಮಾತ ಬಿಟ್ರ ಮತ್ತ ಫೇಲ್ ಆಗ್ತಿ,” ಎಂದು ನಾನು ಕನ್ನಡದಲ್ಲೇ ಬೈದೆ.

ಅವ್ವ ಹೊರಳಿದರು. “ನನ್ನ ಸಲುವಾಗಿ ಎಷ್ಟು ಸಲ ಫೇಲ್ ಆಗಾಕಿ? ನಾ ಸತ್ತೇನಿ ಅಂತ ತಿಳ್ಕೋ. ಅಕ್ಕೋರು ನನ್ನ ತಂಗಿ. ಅವರಿಗೆ ಹೇಳು, ಲಗೂ.”

“ಬಿಡ್ತು ಅನ್ನಬೇ ಯವ್ವಾ!”

“ಅನ್ನಂಗಿಲ್ಲ. ಹೇಳು.” ಅವ್ವ ಅಂಗಾತ ಮಲಗಿ ಕಣ್ಣು ಮುಚ್ಚಿದರು.

ನನಗೆ ಎದ್ದು ಓಡಿಹೋಗಬೇಕೆನಿಸಿತು. ಹುಡುಗಿ ಹಾಸಿಗೆಯ ಪಕ್ಕ ಕೂತಳು. “ನಿಮ್ಮ ಅಕ್ಕ” ಎಂದು ಜರ್ಮನಿನಲ್ಲಿ ಶುರುಮಾಡಿ, ತಡವರಿಸಿ, ಆ ಶಬ್ದವನ್ನು ಪೂರ್ತಿ ಹೇಳಿದಳು.

“ದನಿ ಸಣ್ಣ ಆತು,” ಎಂದರು ಅವ್ವ, ಕಣ್ಣು ತೆರೆಯದೆ. “ಸತ್ತಾಕಿಗೇ ಕೇಳಿಸ್ಲಿಲ್ಲ.”

ಎರಡನೆಯ ಸಲ ಅವಳು ಜೋರಾಗಿ ಹೇಳಿದಳು. ಹೇಳುವಾಗ ಅವಳ ಬೆರಳುಗಳು ಅವ್ವನ ನಾಡಿಯ ಮೇಲಿದ್ದವು.