ಎಬ್ಬಾಳ ಮೊಣಕಾಲು ವಾಸಿಯಾಗುವ ತನಕ

ದೂರದ ಹಿಮದೇಶದ ಉಮೆಯೊ ಎಂಬ ಈ ಊರಿನಲ್ಲಿ ನಮ್ಮ ಎದುರುಮನೆಯ ನಾಯಿಲಾ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರ್ತಿ. ಹಾಗೆಂದ ತಕ್ಷಣ ಇಲ್ಲಿನ ನಮ್ಮ ಜನ, ಹುಡುಗಿ ದುಡ್ಡಿನ ಮೇಲೆ ಮಲಗುತ್ತಾಳೆ ಅಂದುಕೊಳ್ಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಊರೂರು ತಿರುಗಿ ಟ್ರಯಲ್ ಕೊಟ್ಟು, ಎಲ್ಲರೂ ‘ಮುಂದೆ ನೋಡೋಣ’ ಎಂದ ಮೇಲೆ ಇಲ್ಲಿನ ತಂಡ ಅವಳನ್ನು ಸೇರಿಸಿಕೊಂಡಿತು. ಅದೂ ಎಬ್ಬಾ ಎಂಬ ಆಟಗಾರ್ತಿ ಬಿದ್ದು ಮೊಣಕಾಲು ಕೆಡಿಸಿಕೊಂಡದ್ದರಿಂದ. ಹೆಸರಾದವರಿಗೆ ಇಡೀ ವರ್ಷದ ಕರಾರು. ನಾಯಿಲಾಳದು ಬದಲಿ ಕರಾರು: ಎಬ್ಬಾ ಆಡಬಹುದು ಎಂದು ಡಾಕ್ಟರು ಹೇಳಿದ ದಿನ ಇವಳು ಹೊರಗೆ. ಇಪ್ಪತ್ತಾರು ತುಂಬಿದವಳನ್ನು ಆಮೇಲೆ ಯಾರು ಕರೆಯುತ್ತಾರೆ?

ಇದನ್ನು ನನಗೆ ಹೇಳಿದಳು, ತಾಯಿಗೆ ಹೇಳಲಿಲ್ಲ. ಹುಬ್ಬಳ್ಳಿಯ ಅರ್ಜುಮಂದ್, ಮಗಳು ಟೀಮಿಗೆ ಸೇರಿದ ಖುಷಿಗೆ ಕಟ್ಟಡಕ್ಕೆಲ್ಲ ಶೀರ್ ಖುರ್ಮಾ ಹಂಚಿದವಳು. ಅಂಥವಳ ಮುಂದೆ ಬಾಯಿ ಬರಬೇಕಲ್ಲ!

ಮಗಳ ಜೊತೆಗಾತಿ ಎಬ್ಬಾಳಿಗೆ ಕಾಲುನೋವೆಂದು ಕೇಳಿದ್ದೇ ತಡ, ಅರ್ಜುಮಂದ್ ಅರಬ್ಬರ ಅಂಗಡಿಯಿಂದ ಕುರಿಕಾಲು ತಂದು ವಾರವಾರವೂ ಕಾಲುಸೂಪು ಕಾಯಿಸತೊಡಗಿದಳು. ನಮಾಜು ಮುಗಿಸಿ ಆ ಹುಡುಗಿಗಾಗಿ ದುವಾ ಬೇರೆ. ಸೂಪು ಒಯ್ದು ಕೊಡುವವಳು ನಾಯಿಲಾ.

ಒಂದು ಮಧ್ಯಾಹ್ನ ಅವಳನ್ನು ನನ್ನ ಕಾರಿನಲ್ಲಿ ಎಬ್ಬಾಳ ಮನೆಗೆ ಕರೆದೊಯ್ದೆ. ಫ್ಲಾಸ್ಕು ತೊಡೆಯ ಮೇಲಿಟ್ಟುಕೊಂಡು ಕೂತವಳು ಇಳಿಯಲೇ ಇಲ್ಲ.

“ಆಂಟಿ, ನಿನ್ನೆ ಪ್ರಾಕ್ಟೀಸಲ್ಲಿ ಅವಳು ಓಡಿದ್ಳು. ಇನ್ನು ನನ್ನ ಆಟ ಎಷ್ಟು ದಿನವೋ.”

“ಸೂಪನ್ನ ಹಿಮಕ್ಕೆ ಸುರಿದುಬಿಡೇ,” ಎಂದೆ. ನಾನೇನು ಅಷ್ಟು ಒಳ್ಳೆಯವಳಲ್ಲ.

“ಕೊಟ್ಯಾ ಅಂತ ಅಮ್ಮೀ ಕೇಳ್ತಾಳೆ. ಸುಳ್ಳು ಹೇಳಕ್ಕಾಗಲ್ಲ,” ಎಂದು ಕಣ್ಣೊರೆಸಿಕೊಂಡು ಹೋಗಿ ಕೊಟ್ಟುಬಂದಳು.

ಮಾರ್ಚಿನಲ್ಲಿ ಎಬ್ಬಾ ಹೂವು ಹಿಡಿದು ಅವರ ಮನೆಗೇ ಬಂದಳು. ನಾನೂ ಅಲ್ಲಿದ್ದೆ. ಡಾಕ್ಟರು ಒಪ್ಪಿದರಂತೆ, ಶನಿವಾರದಿಂದ ಆಟವಂತೆ. ಇಷ್ಟು ಹೇಳುವಾಗ ನಾಯಿಲಾಳ ಮುಖ ಮಾತ್ರ ನೋಡಲಿಲ್ಲ. ಅರ್ಜುಮಂದ್ ಅವಳನ್ನು ತಬ್ಬಿಕೊಂಡು ದೃಷ್ಟಿ ತೆಗೆದಳು.

“ನೋಡಿದ್ರೇನು ಮಾಲತಿ? ಕಾಲುಸೂಪು ಅಂದ್ರ ಸುಮ್ನೇನ್ರೀ?” ಎಬ್ಬಾ ಹೋದ ಮೇಲೂ ಅರ್ಜುಮಂದ್ ನನ್ನ ಮುಂದೆ ಹಿಗ್ಗುತ್ತಿದ್ದಳು.

“ನನ್ನ ಕೆಲಸ ಹೋಯ್ತು, ಅಮ್ಮೀ,” ಎಂದಳು ನಾಯಿಲಾ. ಕರಾರಿನ ಸಂಗತಿಯೆಲ್ಲ ಆಗ ಹೊರಬಿತ್ತು.

ಅರ್ಜುಮಂದ್ ಹೂವನ್ನು ಬದಿಗಿಟ್ಟು ಕುರ್ಚಿಯಲ್ಲಿ ಕೂತಳು. “ನಂಗ್ಯಾಕ ಹೇಳಲಿಲ್ಲ?” ಎಂದಳು.

“ಹೇಳಿದ್ರೆ ಏನ್ಮಾಡ್ತಿದ್ದೆ? ಅವಳ ಕಾಲು ವಾಸಿಯಾಗದೇ ಇರಲಿ ಅಂತ ದುವಾದಲ್ಲಿ ಕೇಳ್ಕೋತಿದ್ದೆಯಾ?”

“ತೋಬಾ! ಅಂಥಾ ಮಾತು ಆಡಬಾರ್ದು.”

“ನಾನು ಕೇಳ್ಕೊಂಡೆ, ಅಮ್ಮೀ. ದಿನಾ ಕೇಳ್ಕೊಂಡೆ.”

ಅರ್ಜುಮಂದ್ ಎದ್ದು ಹೋಗಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

“ಗೊತ್ತಿದ್ದಿದ್ರ ನಾನೂ ಅದನ್ನೇ ಕೇಳ್ತಿದ್ನೇನೋ,” ಎಂದಳು.